ಟೈಲ್ ಲೈಟ್ ಒಳಗೆ ನೀರು: ಹಬೆ ಬೇರೆ, ಸೋರಿಕೆ ಬೇರೆ

ಪ್ರಶ್ನೆ: ನಾನು ಕೊಪ್ಪದ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ಆರು ವರ್ಷ ಹಳೆಯ ಸಣ್ಣ ಕಾರು ಇದೆ. ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ಎಡಗಡೆ ಟೈಲ್ ಲೈಟ್ ಒಳಗೆ ಬೆವರಿದ ಹಾಗೆ ಆಗುತ್ತಿತ್ತು. ಈಗ ಕೆಳಗೆ ಅರ್ಧ ಬೆರಳಿನಷ್ಟು ನೀರೇ ನಿಂತಿದೆ. ಬಿಸಿಲು ಬಂದ ದಿನ ಸ್ವಲ್ಪ ಕಡಿಮೆಯಾಗುತ್ತದೆ, ಮಳೆ ಬಂದರೆ ಮತ್ತೆ ಅದೇ ಕಥೆ. ಗ್ಯಾರೇಜಿನವರು ಪೂರ್ತಿ ಸೆಟ್ ಬದಲಾಯಿಸಿ ಎನ್ನುತ್ತಾರೆ. ಪಕ್ಕದ ಮನೆಯವರು ಕೆಳಗೆ ಒಂದು ಸಣ್ಣ ತೂತು ಹೊಡೆದರೆ ಸಾಕು ಎನ್ನುತ್ತಾರೆ. ಮಗ ಸಿಲಿಕಾ ಜೆಲ್ ಪೊಟ್ಟಣ ಹಾಕೋಣ ಅನ್ನುತ್ತಾನೆ. ಒಂದು ವಾರದಿಂದ ಬ್ರೇಕ್ ಒತ್ತಿದರೆ ಎಡಗಡೆ ಇಂಡಿಕೇಟರೂ ಮಂಕಾಗಿ ಉರಿಯುತ್ತಿದೆ. ಏನು ಮಾಡಲಿ ಸರ್?

ಉತ್ತರ: ಮೇಡಂ, ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅರ್ಜೆಂಟ್ ಇರುವುದು ಅದೇ.

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಉರಿದರೆ ಆ ಲ್ಯಾಂಪಿನ ಅರ್ತ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ, ಕೆಟ್ಟಿದೆ ಎಂದೇ ಮೊದಲು ಅನುಮಾನ ಪಡಬೇಕು. ಲ್ಯಾಂಪಿನಲ್ಲಿರುವ ಬಲ್ಬುಗಳಿಗೆಲ್ಲ ಕರೆಂಟು ಬೇರೆ ಬೇರೆ ವೈರಿನಲ್ಲಿ ಬರುತ್ತದೆ. ವಾಪಸ್ ಹೋಗುವುದು ಮಾತ್ರ ಸಾಮಾನ್ಯವಾಗಿ ಒಂದೇ ತಗಡಿನ ಪಟ್ಟಿಯಲ್ಲಿ, ಒಂದೇ ವೈರಿನಲ್ಲಿ. ಆ ಪಟ್ಟಿಗೆ ನೀರು ತಾಗಿ ಕಿಲುಬು ಹಿಡಿದರೆ ಬ್ರೇಕ್ ಲೈಟಿನ ಕರೆಂಟಿಗೆ ದಾರಿ ಸಿಗುವುದಿಲ್ಲ. ಅದು ಪಕ್ಕದ ಬಲ್ಬಿನ ಮೂಲಕ ಹೊರಗೆ ಹೋಗಲು ನೋಡುತ್ತದೆ. ಅದಕ್ಕೇ ಇಂಡಿಕೇಟರ್ ಮಿಣುಕುವುದು. ಹೀಗಾದಾಗ ಬ್ರೇಕ್ ಲೈಟ್ ಕೂಡ ಪೂರ್ತಿ ಬೆಳಕು ಕೊಡುವುದಿಲ್ಲ. ಜುಲೈ ತಿಂಗಳ ಸಂಜೆ ಶೃಂಗೇರಿ ಕಡೆಯ ರಸ್ತೆಯಲ್ಲಿ ಮಂಜು ಇಳಿದಾಗ ಹಿಂದಿನ ಬಸ್ಸಿನ ಡ್ರೈವರಿಗೆ ನಿಮ್ಮ ಕಾರು ಕಾಣುವುದೇ ಆ ಎರಡು ಕೆಂಪು ದೀಪದಿಂದ. ಹಾಗಾಗಿ ಮಳೆಗಾಲ ಮುಗಿಯಲಿ, ಆಮೇಲೆ ನೋಡೋಣ ಅಂತ ಬಿಡಬೇಡಿ. ಈ ವಾರವೇ ಮಾಡಿಸಿ.

ಈಗ ನೀರಿನ ವಿಷಯ. ಟೈಲ್ ಲೈಟ್ ಒಳಗೆ ತೇವ ಕಂಡ ತಕ್ಷಣ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಇದನ್ನು ಒಣಗಿಸುವುದು ಹೇಗೆ? ನಾನು ಮೊದಲು ಕೇಳುವುದು ಬೇರೆ: ಒಳಗಿರುವುದು ಎಷ್ಟು? ಲೆನ್ಸಿನ, ಅಂದರೆ ಹೊರಗಿನ ಕೆಂಪು ಪ್ಲಾಸ್ಟಿಕ್ ಮುಚ್ಚಳದ, ಒಳಗೆ ತೆಳ್ಳಗೆ ಹಬೆ ಕಟ್ಟಿದೆಯಾ, ಅಥವಾ ಹನಿ ಇಳಿದು ಕೆಳಗೆ ನೀರು ನಿಂತಿದೆಯಾ? ನೋಡಲು ಒಂದೇ ರೋಗದ ಹಾಗೆ ಕಂಡರೂ ಇವೆರಡೂ ಬೇರೆ ಬೇರೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. 25 ಡಿಗ್ರಿ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರನ್ನು ಆವಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಲ್ಯಾಂಪಿನ ಒಳಗಿನ ಜಾಗ ಎರಡು ಲೀಟರ್ ಅಂತಿಟ್ಟುಕೊಳ್ಳಿ. ಆ ಗಾಳಿಯಲ್ಲಿರುವ ನೀರನ್ನೆಲ್ಲ ಹಿಂಡಿ ತೆಗೆದರೂ ಸಿಗುವುದು 0.05 ಗ್ರಾಂಗಿಂತ ಕಡಿಮೆ. ಅಂದರೆ ಒಂದೇ ಒಂದು ಹನಿ. ಬೆಳಗಿನ ಚಳಿಗೆ ಲೆನ್ಸ್ ತಣ್ಣಗಾದಾಗ ಈ ಒಂದು ಹನಿಯೇ ಲೆನ್ಸಿನ ಒಳಮೈ ತುಂಬಾ ಹರಡಿ ಹಬೆಯಾಗಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದೂ ಇದೇ ಕಾರಣಕ್ಕೆ. ಗಾಡಿ ಸ್ವಲ್ಪ ಓಡಿ, ಬಲ್ಬು ಬಿಸಿಯಾಗಿ, ಗಾಳಿ ಆಡಿದರೆ ಅದು ತಾನಾಗಿಯೇ ಹೋಗುತ್ತದೆ. ಹಲವು ಕಾರು ಕಂಪನಿಗಳ ಮ್ಯಾನ್ಯುಯಲ್‌ನಲ್ಲೂ ಇಂಥ ಹಬೆ ಸಹಜ ಅಂತಲೇ ಬರೆದಿರುತ್ತದೆ. ಎಲ್‌ಇಡಿ ಲ್ಯಾಂಪಾದರೆ ಲೆನ್ಸಿಗೆ ಅಷ್ಟು ಬಿಸಿ ತಾಗುವುದಿಲ್ಲ. ಅದರಲ್ಲಿ ಹಬೆ ಜಾಸ್ತಿ ಹೊತ್ತು ನಿಲ್ಲುತ್ತದೆ. ಅದಕ್ಕೂ ಗಾಬರಿ ಬೇಡ.

ನಿಮ್ಮ ಲ್ಯಾಂಪಿನಲ್ಲಿ ಅರ್ಧ ಬೆರಳು ನೀರಿದೆ. ಮೂರ್ನಾಲ್ಕು ಚಮಚವಾದರೂ ಆದೀತು. ಅಂದರೆ ಮುನ್ನೂರು, ನಾನೂರು ಹನಿ. ಗಾಳಿಯಲ್ಲಿದ್ದ ತೇವ ಇಷ್ಟಾಗಲು ಸಾಧ್ಯವೇ ಇಲ್ಲ. ಇದು ನೀರಾಗಿಯೇ ಒಳಗೆ ಬಂದಿದೆ. ಎಲ್ಲೋ ದಾರಿ ಇದೆ. ಆ ದಾರಿ ಸಿಗುವ ತನಕ ಎಷ್ಟು ಸಲ ಒಣಗಿಸಿದರೂ ಮುಂದಿನ ಮಳೆಗೆ ಮತ್ತೆ ತುಂಬುತ್ತದೆ. ನಿಮ್ಮ ಮಗ ಹೇಳಿದ ಸಿಲಿಕಾ ಜೆಲ್ ಕೂಡ ಅಷ್ಟೇ. ಅದು ಗಾಳಿಯ ತೇವ ಹೀರಲು ಇರುವ ವಸ್ತು, ನಿಂತ ನೀರಿಗಲ್ಲ. ಪೊಟ್ಟಣ ಜಾರಿ 21 ವಾಟಿನ ಬ್ರೇಕ್ ಬಲ್ಬಿಗೆ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಬೇಡ.

ಒಳಗೆ ಬರುವ ದಾರಿ ಯಾವುದು ಅಂತ ಹೇಳುವ ಮೊದಲು ಟೈಲ್ ಲೈಟ್ ಉಸಿರಾಡುತ್ತದೆ ಎಂಬ ವಿಷಯ ಹೇಳಬೇಕು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರಿಗೂ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ.

ಲೈಟ್ ಉರಿದಾಗ, ಬಿಸಿಲಿಗೆ ನಿಂತಾಗ, ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ತಣ್ಣಗಾದಾಗ ಕುಗ್ಗುತ್ತದೆ. ಹೀಗೆ ಹೋಗಿ ಬರಲೆಂದೇ ಲ್ಯಾಂಪಿನ ಹಿಂಭಾಗದಲ್ಲಿ ಸಣ್ಣ ಬ್ರೀದರ್ ಇಟ್ಟಿರುತ್ತಾರೆ. ಕೆಲವದರಲ್ಲಿ ಕೆಳಮುಖವಾಗಿ ಬಾಗಿದ ಕಿರುಬೆರಳಿನಷ್ಟು ರಬ್ಬರ್ ನಳಿಗೆ. ಕೆಲವದರಲ್ಲಿ ತೂತಿನ ಮೇಲೆ ಸ್ಪಂಜಿನ ತುಂಡು. ಈಚಿನ ಗಾಡಿಗಳಲ್ಲಿ ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ತೆಳು ಪೊರೆಯ ಸ್ಟಿಕರ್. ಆ ಪೊರೆ ಗಾಳಿಯನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ.

ಈಗ ನಿಮ್ಮ ಗಾಡಿಯನ್ನೇ ಯೋಚಿಸಿ. ಶಾಲೆಯಿಂದ ಬರುತ್ತಿದ್ದೀರಿ. ತಿರುವು ಜಾಸ್ತಿ, ಬ್ರೇಕ್ ಒತ್ತುತ್ತಲೇ ಇರುತ್ತೀರಿ. ಲ್ಯಾಂಪ್ ಒಳಗೆ 50 ಡಿಗ್ರಿ ಆಗಿದೆ. ಆಗ ಜೋರು ಮಳೆ ಹೊಡೆಯುತ್ತದೆ, ಲ್ಯಾಂಪ್ 25 ಡಿಗ್ರಿಗೆ ಇಳಿಯುತ್ತದೆ. ಎರಡು ಲೀಟರ್ ಗಾಳಿ ಆಗ ಸುಮಾರು 150 ಮಿಲಿಯಷ್ಟು ಕುಗ್ಗುತ್ತದೆ. ಒಂದು ಸಣ್ಣ ಲೋಟದಷ್ಟು ಜಾಗ. ಅದನ್ನು ತುಂಬಲು ಹೊರಗಿನಿಂದ ಏನಾದರೂ ಬರಲೇಬೇಕು. ಬ್ರೀದರ್ ತೆರೆದಿದ್ದರೆ ಅಲ್ಲಿಂದ ಗಾಳಿ ಬರುತ್ತದೆ, ಏನೂ ತೊಂದರೆಯಿಲ್ಲ. ಬ್ರೀದರ್ ಮುಚ್ಚಿಹೋಗಿ, ಜೋಡಣೆಯಲ್ಲಿ ಎಲ್ಲೋ ಕೂದಲೆಳೆ ಬಿರುಕಿದ್ದರೆ? ಆ ಬಿರುಕಿನ ಮೇಲೆ ಆ ಹೊತ್ತಿಗೆ ಮಳೆ ನೀರು ಹರಿಯುತ್ತಿರುತ್ತದೆ. ಲ್ಯಾಂಪ್ ಅದನ್ನೇ ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ ಎಳೆದುಕೊಳ್ಳುತ್ತದೆ. ಸುಮ್ನೆ ಮಳೆಗೆ ನಿಂತರೆ ಒಂದು ತೊಟ್ಟೂ ಸೋರದ ಬಿರುಕು, ಬಿಸಿಯಾಗಿ ತಣಿದಾಗ ಮಾತ್ರ ಸೋರುವುದು ಹೀಗೆ. ಗ್ಯಾರೇಜಿನಲ್ಲಿ ಪೈಪ್ ಹಿಡಿದು ನೀರು ಬಿಟ್ಟು ನೋಡಿ, ಏನೂ ಲೀಕ್ ಇಲ್ಲ ಅಂತ ಕಳಿಸಿಬಿಡುವುದೂ ಇದೇ ಕಾರಣಕ್ಕೆ.

ಬ್ರೀದರ್ ಯಾಕೆ ಮುಚ್ಚುತ್ತದೆ? ನಮ್ಮ ಕಡೆ ಕೆಮ್ಮಣ್ಣು ಮೊದಲ ಕಾರಣ. ಬೇಸಿಗೆಯಲ್ಲಿ ಧೂಳಾಗಿ ಕೂತದ್ದು ಮೊದಲ ಮಳೆಗೆ ಕೆಸರಾಗಿ ಗಟ್ಟಿಯಾಗುತ್ತದೆ. ಗಾಡಿಯ ತಳಕ್ಕೆ ಹೊಡೆಯುವ ಕಪ್ಪು ಕೋಟಿಂಗ್ ಕೆಲವೊಮ್ಮೆ ಅಲ್ಲಿಗೂ ಹಾರುತ್ತದೆ. ಇನ್ನೊಂದು ಕಾರಣ ಕುಂಬಾರ ಹುಳ. ಬಾಳೆಹೊನ್ನೂರು ಕಡೆಯ ತೋಟದ ಮನೆಯವರೊಬ್ಬರ ಜೀಪು ನನ್ನ ಹತ್ತಿರ ಬಂದಿತ್ತು. ಎರಡು ವರ್ಷದಲ್ಲಿ ಒಂದೇ ಬದಿಯ ಲ್ಯಾಂಪ್ ಎರಡು ಸಲ ಬದಲಾಯಿಸಿದ್ದರು. ಬಿಚ್ಚಿ ರಬ್ಬರ್ ನಳಿಗೆಯನ್ನು ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿರಲಿಲ್ಲ. ಒಂದು ಕಡ್ಡಿ ತೂರಿಸಿದೆ. ಒಣಗಿದ ಮಣ್ಣಿನ ಬಿರಡೆ ಪುಡಿಪುಡಿಯಾಗಿ ಉದುರಿತು. ಜೊತೆಗೆ ಹುಳ ತಂದಿಟ್ಟಿದ್ದ ಒಣ ಜೇಡವೂ ಬಿತ್ತು. ಹುಳ ಆ ನಳಿಗೆಯಲ್ಲಿ ಗೂಡು ಕಟ್ಟಿತ್ತು. ಹೊಸ ಲ್ಯಾಂಪ್ ಹಾಕುವಾಗ ಹಳೆಯ ನಳಿಗೆಯನ್ನೇ ತೆಗೆದು ಸಿಕ್ಕಿಸುತ್ತಿದ್ದರು. ನಳಿಗೆ ತೊಳೆದು ಹಾಕಿದ್ದಷ್ಟೇ ನಾನು ಮಾಡಿದ ಕೆಲಸ. ಆಮೇಲೆ ಆ ಲ್ಯಾಂಪಿಗೆ ನೀರು ಬಂದಿಲ್ಲ.

ನಿಮ್ಮದನ್ನು ಬಿಚ್ಚಿ ನೋಡೋಣ. ಮಳೆ ಬಿಟ್ಟಿರುವ ಹೊತ್ತು ನೋಡಿಕೊಳ್ಳಿ. ಕೀ ತೆಗೆದು, ಲೈಟ್ ಎಲ್ಲ ಆಫ್ ಮಾಡಿ. ಡಿಕ್ಕಿ ತೆರೆದರೆ ಲ್ಯಾಂಪಿನ ಪಕ್ಕದಲ್ಲಿ ಅಥವಾ ಒಳಗಿನ ಮುಚ್ಚಳದ ಹಿಂದೆ ಎರಡು ಮೂರು ಬೋಲ್ಟ್ ಇರುತ್ತವೆ. ಅವನ್ನು ತೆಗೆದ ಮೇಲೆ ಲ್ಯಾಂಪನ್ನು ನೇರ ಹಿಂದಕ್ಕೆ ಎಳೆಯಬೇಕು. ಪಕ್ಕಕ್ಕೆ ತಿರುಚಬೇಡಿ. ಇನ್ನೊಂದು ಬದಿಯಲ್ಲಿ ಪ್ಲಾಸ್ಟಿಕ್ ಗೂಟಗಳು ಸಿಕ್ಕಿಕೊಂಡಿರುತ್ತವೆ. ತಿರುಚಿದರೆ ಅವು ಬುಡದಲ್ಲೇ ಮುರಿಯುತ್ತವೆ. ಹಾಗೆ ಮುರಿದ ಜಾಗದಿಂದಲೇ ನೀರು ಇಳಿಯುವುದನ್ನೂ ನೋಡಿದ್ದೇನೆ.

ಕೈಗೆ ಬಂದ ಮೇಲೆ ಮೊದಲು ನೋಡಬೇಕಾದ್ದು ಬಲ್ಬ್ ಹೋಲ್ಡರ್. ಅದರ ಸುತ್ತ ಒಂದು ರಬ್ಬರ್ ಅಥವಾ ಸ್ಪಂಜಿನ ಉಂಗುರ ಇರುತ್ತದೆ. ಅದು ಚಪ್ಪಟೆಯಾಗಿದೆಯಾ, ಹರಿದಿದೆಯಾ, ಸೊಟ್ಟಗೆ ಕೂತಿದೆಯಾ? ಹಿಂದೆ ಯಾರಾದರೂ ಜಾಸ್ತಿ ಬೆಳಕಿನ ಬಲ್ಬ್ ಹಾಕಿದ್ದರೆ, ರಿವರ್ಸ್ ಕ್ಯಾಮೆರಾದ ವೈರು ಎಳೆದಿದ್ದರೆ, ಆ ಉಂಗುರವನ್ನು ಕತ್ತರಿಸಿಯೋ ಮೂಲೆಯಲ್ಲಿ ಎತ್ತಿಯೋ ವೈರ್ ತೂರಿಸಿರುತ್ತಾರೆ. ನಾನು ನೋಡಿದ ಸೋರಿಕೆಗಳಲ್ಲಿ ಇಂಥವೇ ಎಷ್ಟೋ. ಇದಾದರೆ ನಿಮ್ಮ ಪುಣ್ಯ, ಉಂಗುರ ಬದಲಾಯಿಸಿದರೆ ಮುಗಿಯಿತು.

ಹಾಗೇ ಬಾಡಿಯ ಕಡೆಗೂ ಒಮ್ಮೆ ನೋಡಿ. ಲ್ಯಾಂಪ್ ಕೂರುವ ಜಾಗದಲ್ಲಿ ನೀರು ತಡೆಯುವ ಇನ್ನೊಂದು ಪಟ್ಟಿ, ಗ್ಯಾಸ್ಕೆಟ್, ಇರುತ್ತದೆ. ಅದು ಹೋಗಿದ್ದರೆ ನೀರು ಲ್ಯಾಂಪಿನೊಳಗೆ ಬರುವುದಿಲ್ಲ, ಡಿಕ್ಕಿಯೊಳಗೆ ಇಳಿಯುತ್ತದೆ. ಸ್ಟೆಪ್ನಿ ಎತ್ತಿ ಕೆಳಗೆ ಪಸೆ ಇದೆಯಾ ಮುಟ್ಟಿ ನೋಡಿ.

ಹೋಲ್ಡರ್ ಸರಿ ಇದ್ದರೆ ಬಕೆಟ್ ಪರೀಕ್ಷೆ. ಒಳಗಿನ ನೀರು ಚೆಲ್ಲಿ, ಹೋಲ್ಡರ್ ತೆಗೆದಿಟ್ಟು, ಆ ದೊಡ್ಡ ತೂತಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತ ಗಟ್ಟಿ ಟೇಪ್ ಹಾಕಿ. ಬ್ರೀದರ್ ಬಾಯಿಗೂ ಟೇಪ್. ಲ್ಯಾಂಪ್ ತಣ್ಣಗಿರಬೇಕು. ಬಕೆಟಿನಲ್ಲಿ ಸ್ನಾನಕ್ಕೆ ಹದವಾದಷ್ಟು ಬಿಸಿನೀರು. ಲ್ಯಾಂಪನ್ನು ಅದರಲ್ಲಿ ಮುಳುಗಿಸಿ ಅಲುಗಾಡಿಸದೆ ಹಿಡಿಯಿರಿ. ಒಳಗಿನ ಗಾಳಿ ಬಿಸಿಯಾಗಿ ಹೊರಬರಲು ದಾರಿ ಹುಡುಕುತ್ತದೆ. ಮೊದಲು ಮೈಗೆ ಅಂಟಿದ ಗುಳ್ಳೆಗಳು ಎದ್ದು ಹೋಗುತ್ತವೆ. ಅವನ್ನು ಬಿಡಿ. ಅರ್ಧ ನಿಮಿಷದ ಮೇಲೆ ಒಂದೇ ಜಾಗದಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಪೋಣಿಸಿದ ಹಾಗೆ ಏಳುತ್ತವೆ. ಅದೇ ನಿಮ್ಮ ತೂತು. ಸಾಮಾನ್ಯವಾಗಿ ಮೇಲಿನ ಅಂಚಿನಲ್ಲಿ, ಕೆಂಪು ಲೆನ್ಸೂ ಕಪ್ಪು ಡಬ್ಬಿಯೂ ಕೂಡುವ ಮೂಲೆಯಲ್ಲಿ ಸಿಗುತ್ತದೆ. ಸೀಸದ ಕಡ್ಡಿಯಲ್ಲಿ ಗುರುತು ಹಾಕಿ. ಇದು ಬಲ್ಬ್ ಇರುವ ಲ್ಯಾಂಪಿಗೆ ಮಾತ್ರ. ಒಳಗೆ ಎಲ್‌ಇಡಿ ಬೋರ್ಡ್ ಇದ್ದರೆ ಮುಳುಗಿಸಬೇಡಿ. ಅಂಚಿನ ಸುತ್ತ ಸೋಪಿನ ನೊರೆ ಹಚ್ಚಿ, ಬ್ರೀದರ್‌ಗೆ ಸಣ್ಣ ಪೈಪ್ ಇಟ್ಟು ಬಾಯಿಂದ ಮೆಲ್ಲಗೆ ಊದಿದರೆ ನೊರೆ ಉಬ್ಬಿದ ಕಡೆ ತೂತು. ಕಂಪ್ರೆಸರ್ ಗಾಳಿ ಹಿಡಿಯಬೇಡಿ, ಆ ಒತ್ತಡಕ್ಕೆ ಸರಿ ಇರುವ ಜೋಡಣೆಯೂ ಬಿಡುತ್ತದೆ.

ತೂತು ಸಿಕ್ಕ ಮೇಲೆ ಒಣಗಿಸುವ ಕೆಲಸ. ಅವಸರ ಬೇಡ. ಹೋಲ್ಡರಿನ ತೂತು ಕೆಳಗೆ ಮಾಡಿ, ಬಿಸಿಲಿದ್ದರೆ ಬಿಸಿಲಿಗೆ, ಇಲ್ಲದಿದ್ದರೆ ಅಡುಗೆ ಮನೆಯ ಒಲೆಯ ಹತ್ತಿರದ ಬೆಚ್ಚನೆ ಜಾಗದಲ್ಲಿ ಒಂದು ದಿನ ಇಡಿ. ಮಲೆನಾಡಿನ ಜುಲೈನಲ್ಲಿ ಬಿಸಿಲು ಕೇಳುವುದು ಕಷ್ಟ ಅಂತ ನನಗೂ ಗೊತ್ತು. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ಒಂದಡಿ ದೂರದಿಂದ ಹಿಡಿಯಿರಿ. ಪೇಂಟ್ ಕೆರೆಯುವ ಹೀಟ್ ಗನ್ ಮಾತ್ರ ಮುಟ್ಟಬೇಡಿ. ಟೈಲ್ ಲೈಟಿನ ಲೆನ್ಸ್ ಬಹುಪಾಲು ಅಕ್ರಿಲಿಕ್. ಅದು 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಹೀಟ್ ಗನ್ನಿನ ಗಾಳಿ 300 ಡಿಗ್ರಿ ದಾಟುತ್ತದೆ.

ಬೇಗ ಒಣಗಲಿ ಅಂತ ಸ್ಪಿರಿಟ್, ಥಿನ್ನರ್, ಪೆಟ್ರೋಲ್ ಹಾಕಿ ಕುಲುಕುವವರಿದ್ದಾರೆ. ದಯವಿಟ್ಟು ಬೇಡ. ಅಕ್ರಿಲಿಕ್‌ಗೆ ಇವು ಆಗುವುದಿಲ್ಲ. ಕೆಲವೊಮ್ಮೆ ನೋಡನೋಡುತ್ತಲೇ, ಕೆಲವೊಮ್ಮೆ ನಾಲ್ಕು ದಿನ ಬಿಟ್ಟು, ಲೆನ್ಸಿನ ಒಳಗೆ ಜೇಡನ ಬಲೆಯಂಥ ಬಿರುಕು ಹರಡುತ್ತದೆ. ಒಳಗೆ ಬಟ್ಟೆ ತೂರಿಸಿ ಒರೆಸುವುದೂ ಬೇಡ. ಕನ್ನಡಿಯ ಹಾಗೆ ಹೊಳೆಯುವ ಆ ಲೇಪ ತುಂಬಾ ತೆಳು. ಒಂದು ಉಜ್ಜಿಗೆ ಎದ್ದು ಬರುತ್ತದೆ. ಅದು ಹೋದರೆ ಲ್ಯಾಂಪಿನ ಬೆಳಕೇ ಹೋದ ಹಾಗೆ.

ಮೊಬೈಲಿನಲ್ಲಿ ನೀವೂ ನೋಡಿರಬಹುದು: ಲ್ಯಾಂಪನ್ನು ಓವನ್ನಿನಲ್ಲಿಟ್ಟು ಬಿಸಿ ಮಾಡಿ ಲೆನ್ಸ್ ಬೇರೆ ಮಾಡುವ ವಿಡಿಯೋಗಳು. ಅದು ಕಪ್ಪು ಗೋಂದಿನಿಂದ ಅಂಟಿಸಿದ ಹೆಡ್‌ಲೈಟಿನ ಕೆಲಸ. ಟೈಲ್ ಲೈಟನ್ನು ಬಹುಪಾಲು ಕಾರ್ಖಾನೆಯಲ್ಲೇ ಪ್ಲಾಸ್ಟಿಕ್ ಕರಗಿಸಿ ಬೆಸೆದಿರುತ್ತಾರೆ. ಅದು ಬಿಡುವುದಿಲ್ಲ, ಒಡೆಯುತ್ತದೆ. ಹೊರಗಿನಿಂದ ಮುಚ್ಚುವುದೇ ನಮಗಿರುವ ದಾರಿ.

ಮುಚ್ಚಲು ಸಿಲಿಕೋನ್ ಸೀಲೆಂಟ್ ಸಾಕು. ಆದರೆ ಯಾವ ಸಿಲಿಕೋನ್ ಎಂಬುದು ಮುಖ್ಯ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಗ್ಗದ ಟ್ಯೂಬು ಒಣಗುವಾಗ ವಿನೆಗರ್ ವಾಸನೆ ಬಿಡುತ್ತದೆ. ಅದು ಅಸಿಟಿಕ್ ಆಮ್ಲ. ತಾಮ್ರ, ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ, ಒಳಗಿನ ಹೊಳಪಿನ ಲೇಪವನ್ನೂ ತಿನ್ನುತ್ತದೆ. ನಾನು ಕೆಲಸ ಕಲಿತ ಹೊಸದರಲ್ಲಿ ಒಂದು ಕಾರಿಗೆ ಅದನ್ನೇ ಹಚ್ಚಿದ್ದೆ. ಮೂರು ತಿಂಗಳಿಗೆ ಗಾಡಿ ವಾಪಸ್ ಬಂತು. ನೀರು ಒಳಗೆ ಬರುವುದು ನಿಂತಿತ್ತು, ಆದರೆ ಹೋಲ್ಡರಿನ ಪಟ್ಟಿಗಳೆಲ್ಲ ಹಸಿರಾಗಿದ್ದವು. ಅಂದಿನಿಂದ ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಮಾತ್ರ ತರುತ್ತೇನೆ. ನೀವೂ ಅದನ್ನೇ ಕೇಳಿ. ಸೂಪರ್ ಗ್ಲೂ ಬೇಡ, ಒಣಗುವಾಗ ಸುತ್ತ ಬಿಳಿ ಮಸುಕು ಬಿಡುತ್ತದೆ.

ಗುರುತು ಹಾಕಿದ ಜಾಗವನ್ನು ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಯವಾದ ಎಮರಿ ಪೇಪರಿನಲ್ಲಿ ಸ್ವಲ್ಪ ತರಿ ಮಾಡಿ. ಸೀಲೆಂಟ್ ತೆಳ್ಳಗೆ ಎಳೆದು, ಒದ್ದೆ ಬೆರಳಿನಿಂದ ಬಿರುಕಿಗೆ ಒತ್ತಿ. ತೂತಿನ ಎರಡೂ ಕಡೆ ಎರಡೆರಡು ಇಂಚು ಮುಂದುವರಿಸಿ. 24 ಗಂಟೆ ಮುಟ್ಟಬೇಡಿ. ಈ ಸೀಲೆಂಟ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಹಾಗಾಗಿ ಮಳೆಗಾಲದ ತೇವದ ಗಾಳಿಯಿಂದ ಈ ಕೆಲಸಕ್ಕೆ ತೊಂದರೆಯಿಲ್ಲ. ಹಚ್ಚುವ ಜಾಗ ಮಾತ್ರ ಒಣಗಿರಬೇಕು. ಆಮೇಲೆ ಮತ್ತೊಮ್ಮೆ ಬಕೆಟ್. ಗುಳ್ಳೆ ಬರಬಾರದು. ಬ್ರೀದರ್ ಮೇಲೆ ಹಾಕಿದ್ದ ಟೇಪ್ ತೆಗೆಯಲು ಮರೆಯಬೇಡಿ. ಬ್ರೀದರಿಗೂ ಸೀಲೆಂಟ್ ಮೆತ್ತಿ, ಈಗ ನೀರು ಎಲ್ಲಿಂದಲೂ ಬರಲ್ಲ ಅಂತ ಕೊಡುವವರಿದ್ದಾರೆ. ಹಾಗೆ ಮಾಡಿದರೆ ಲ್ಯಾಂಪ್ ಮುಂದಿನ ಸಲ ತಣಿದಾಗ ಹೊಸ ಬಿರುಕಿನಿಂದ ನೀರು ಎಳೆಯುತ್ತದೆ.

ತೂತು ಹೊಡೆಯುವ ವಿಷಯ. ನಿಮ್ಮ ಪಕ್ಕದ ಮನೆಯವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಕೆಳಗೆ ತೂತಿದ್ದರೆ ನೀರು ನಿಲ್ಲುವುದಿಲ್ಲ, ಲ್ಯಾಂಪ್ ಬಿರುಕಿನಿಂದ ಎಳೆಯುವುದೂ ಕಡಿಮೆಯಾಗುತ್ತದೆ. ಆದರೆ ಹಿಂದಿನ ಚಕ್ರ ಎರಚುವ ಕೆಸರು, ಇರುವೆ, ಧೂಳು ಎಲ್ಲ ಅದೇ ದಾರಿಯಲ್ಲಿ ಒಳಗೆ ಹೋಗುತ್ತವೆ. ವರ್ಷ ಕಳೆಯುವಷ್ಟರಲ್ಲಿ ಲೆನ್ಸಿನ ಒಳಮೈ ಮಣ್ಣು ಬಣ್ಣಕ್ಕೆ ತಿರುಗುತ್ತದೆ, ತೊಳೆಯಲು ಕೈ ಹೋಗುವುದಿಲ್ಲ. ಮೇಲಿನ ಬಿರುಕು ಹಾಗೇ ಇರುವುದರಿಂದ ನೀರು ಬಲ್ಬಿನ ಮೇಲೆ ಹಾದು ಇಳಿಯುತ್ತಲೇ ಇರುತ್ತದೆ, ಕಿಲುಬೂ ನಿಲ್ಲುವುದಿಲ್ಲ. ಮುಚ್ಚಿಹೋದ ಬ್ರೀದರನ್ನು ತೆರೆದರೆ ಅದೇ ಲಾಭ ಸಿಗುತ್ತದೆ, ಈ ನಷ್ಟ ಇಲ್ಲ. ವಾರಂಟಿ ಇರುವ ಗಾಡಿಯಾದರೆ ಡ್ರಿಲ್ ಮುಟ್ಟಿಸಲೇಬೇಡಿ. ನೀರು ನಿಂತಿರುವಾಗ ಫೋಟೋ ತೆಗೆದು ನೇರ ಷೋರೂಮಿಗೆ ಹೋಗಿ.

ಅರ್ತ್ ಕೆಲಸ ಚಿಕ್ಕದು. ಬಲ್ಬ್ ತೆಗೆದು ಹೋಲ್ಡರಿನ ಪಟ್ಟಿಗಳನ್ನು ನೋಡಿ. ಹಸಿರು ಅಥವಾ ಬಿಳಿ ಪುಡಿ ಇರುತ್ತದೆ. ನಯವಾದ ಎಮರಿಯಲ್ಲಿ ಲೋಹ ಹೊಳೆಯುವ ತನಕ ಉಜ್ಜಿ. ಕನೆಕ್ಟರಿನ ಪಿನ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಲು ಬಿಡಿ. ಬಾಡಿಗೆ ಬಿಗಿದ ಅರ್ತ್ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು, ಗಟ್ಟಿಯಾಗಿ ಬಿಗಿಸಿ. ಪಟ್ಟಿ ತೆಳುವಾಗಿ ಸವೆದಿದ್ದರೆ ಉಜ್ಜುತ್ತಾ ಕೂರಬೇಡಿ, ಹೋಲ್ಡರ್ ಮಾತ್ರ ಬೇರೆ ಸಿಗುತ್ತದಾ ಕೇಳಿ. ಎಷ್ಟೋ ಗಾಡಿಗೆ ಸಿಗುತ್ತದೆ, ಪೂರ್ತಿ ಲ್ಯಾಂಪಿಗಿಂತ ತುಂಬಾ ಕಡಿಮೆಗೆ.

ಗ್ಯಾರೇಜಿನವರು ಹೇಳಿದ ಹಾಗೆ ಪೂರ್ತಿ ಸೆಟ್ ಬದಲಾಯಿಸಬೇಕಾದ ಸಂದರ್ಭಗಳೂ ಇವೆ. ಲೆನ್ಸ್ ಮೇಲೆ ಉದ್ದಕ್ಕೆ ಬಿರುಕು ಓಡಿದ್ದರೆ, ಜೋಡಣೆ ನಾಲ್ಕು ಬೆರಳಿಗಿಂತ ಜಾಸ್ತಿ ಬಾಯಿ ಬಿಟ್ಟಿದ್ದರೆ, ಒಳಗಿನ ಹೊಳಪು ಸಿಪ್ಪೆಯಾಗಿ ಎದ್ದಿದ್ದರೆ, ಎಲ್‌ಇಡಿ ಬೋರ್ಡಿಗೇ ಕಿಲುಬು ಹತ್ತಿದ್ದರೆ ರಿಪೇರಿಗೆ ಹಾಕುವ ದುಡ್ಡು ದಂಡ. ಹೊಸದು ತರುವಾಗ ಕಂಪನಿಯದ್ದೇ ಆದರೆ ಒಳ್ಳೆಯದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದಲೋ ಗುಜರಿಯಿಂದಲೋ ತರಿಸುವುದಾದರೆ ಲ್ಯಾಂಪಿನ ಹಿಂಭಾಗ ತಿರುಗಿಸಿ ನೋಡಿ. ಬ್ರೀದರ್ ಇದೆಯಾ, ಗ್ಯಾಸ್ಕೆಟ್ ಜೊತೆಗಿದೆಯಾ, ಅಂಚಿನಲ್ಲಿ ಯಾರಾದರೂ ಅಂಟು ಮೆತ್ತಿದ್ದಾರಾ? ಬೋಲ್ಟ್ ಬಿಗಿಸುವಾಗ ಗ್ಯಾಸ್ಕೆಟ್ ಒತ್ತಿಕೊಂಡರೆ ಸಾಕು. ಬಲ ಹಾಕಿ ತಿರುಗಿಸಿದರೆ ಡಬ್ಬಿ ಬಿರಿಯುತ್ತದೆ.

ವಾಟರ್ ಸರ್ವಿಸ್‌ಗೆ ಬಿಟ್ಟಾಗಲೂ ಒಂದು ಮಾತು ಹೇಳಿಬಿಡಿ. ಓಡಿ ಬಂದ ಗಾಡಿಯ ಬಿಸಿ ಲ್ಯಾಂಪಿಗೆ ಹತ್ತಿರದಿಂದ ಗನ್ ಹಿಡಿದು ತಣ್ಣೀರು ಹೊಡೆಯಬಾರದು. ಹತ್ತು ನಿಮಿಷ ತಣಿಯಲಿ, ಮೂರಡಿ ದೂರ ಇರಲಿ.

ನಿಮ್ಮ ಎಡಗಡೆ ಲ್ಯಾಂಪ್ ಹಾಕಿದ ಮೇಲೆ ಬಲಗಡೆಯದನ್ನೂ ಬಿಚ್ಚಿ ಬ್ರೀದರ್ ನೋಡಿ. ಅದಕ್ಕೂ ಆರು ವರ್ಷ, ಅದೂ ಅದೇ ಕೆಮ್ಮಣ್ಣಿನಲ್ಲಿ ಓಡಿದೆ. ಆಮೇಲೆ ಎರಡು ಜೋರು ಮಳೆ ಕಾಯಿರಿ. ಬೆಳಿಗ್ಗೆ ಹಬೆ ಕಂಡು, ಶಾಲೆ ಮುಟ್ಟಿ ಸ್ವಲ್ಪ ಹೊತ್ತಿಗೆ ಹೋದರೆ ಸರಿಯಾಗಿದೆ ಅಂತ ಲೆಕ್ಕ. ಕೆಳಗಿನ ಮೂಲೆಯಲ್ಲಿ ಹನಿ ಕೂಡಿದರೆ ಇನ್ನೊಂದು ತೂತು ಉಳಿದಿದೆ, ಮತ್ತೆ ಬಕೆಟಿಗೆ ಹಾಕಿ. ಕೆಲಸ ಮುಗಿದ ಸಂಜೆ ಮಗನನ್ನು ಗಾಡಿಯ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ಎರಡೂ ಕಡೆ ಒಂದೇ ಸಮ ಕೆಂಪು ಉರಿಯಬೇಕು, ಇಂಡಿಕೇಟರ್ ಪೂರ್ತಿ ಕತ್ತಲೆ ಇರಬೇಕು.